ಆಬ್ಜೆಕ್ಟ್.ಎಂಟ್ರೀಸ್: ಒಂದು ಪದರದವರೆಗೆ ಪೂರ್ತಿ ನಂಬಬಹುದು

ಒಂದರೊಳಗೊಂದು ಸೇರಿಕೊಂಡ ಆಬ್ಜೆಕ್ಟ್‌ಗಳನ್ನು (ಕೀ ಎಂಬ ಹೆಸರು, ವ್ಯಾಲ್ಯೂ ಎಂಬ ಮೌಲ್ಯ, ಇವುಗಳ ಗುಂಪು) ಅರೇ, ಅಂದರೆ ಸಾಲುಪಟ್ಟಿ, ಆಗಿ ಬದಲಾಯಿಸುವ ಕೆಲಸ ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಹೆಚ್ಚುಕಡಿಮೆ ದಿನವೂ ಎದುರಾಗುತ್ತದೆ. ಸರ್ವರ್‌ನಿಂದ ಬಂದ ಜೇಸನ್ (ಪಠ್ಯರೂಪದ ದತ್ತಾಂಶ) ಒಂದು ಆಕಾರದಲ್ಲಿದ್ದರೆ, ಪರದೆಯ ಮೇಲಿನ ಟೇಬಲ್‌ಗೆ ಬೇಕಾಗುವುದು ಇನ್ನೊಂದು ಆಕಾರ. ಮೊದಲು ಇದಕ್ಕಾಗಿ ಲೋಡ್ಯಾಶ್ ಎಂಬ ಸಿದ್ಧ ಫಂಕ್ಷನ್‌ಗಳ ಲೈಬ್ರರಿಯನ್ನು ಬಳಸುತ್ತಿದ್ದ ನಾನು, ಈಗ 2017ರ ಆವೃತ್ತಿಯಲ್ಲಿ ಭಾಷೆಗೇ ಸೇರಿದ ಆಬ್ಜೆಕ್ಟ್.ಎಂಟ್ರೀಸ್ ಮೆಥಡ್ಡನ್ನೇ ನೆಚ್ಚಿಕೊಂಡಿದ್ದೇನೆ.

ಆಬ್ಜೆಕ್ಟ್ ಕೊಟ್ಟರೆ ಕೀ ಮತ್ತು ವ್ಯಾಲ್ಯೂಗಳ ಜೋಡಿಗಳಿರುವ ಅರೇ ಕೈಗೆ ಬರುತ್ತದೆ. ತಿರುಗಿ ಆಬ್ಜೆಕ್ಟ್ ಬೇಕಾದರೆ 2019ರಲ್ಲಿ ಬಂದ ಫ್ರಮ್‌ಎಂಟ್ರೀಸ್ ಇದೆ.

ಆದರೆ ಇದು ಬಿಚ್ಚುವುದು ಮೇಲಿನ ಒಂದು ಪದರವನ್ನು ಮಾತ್ರ, ಲೋಡ್ಯಾಶ್‌ನ ಟುಪೇರ್ಸ್ ಮಾಡುವುದೂ ಅಷ್ಟೇ. ಬಳಕೆದಾರರ ದಾಖಲೆಯೊಳಗೆ ವಿಳಾಸ, ವಿಳಾಸದೊಳಗೆ ಊರು ಇದ್ದರೆ, ವಿಳಾಸ ಎಂಬ ಕೀ ಪಕ್ಕದಲ್ಲಿ ಒಂದು ಆಬ್ಜೆಕ್ಟ್ ಇಡಿಯಾಗಿ ಉಳಿದುಬಿಡುತ್ತದೆ. ಆದ್ದರಿಂದ ವ್ಯಾಲ್ಯೂ ಮತ್ತೆ ಆಬ್ಜೆಕ್ಟ್ ಆಗಿದ್ದಾಗಲೆಲ್ಲ ತನ್ನನ್ನೇ ಕರೆದುಕೊಳ್ಳುವ, ದಾರಿಯನ್ನು ‘ವಿಳಾಸ.ಊರು’ ಎಂದು ಚುಕ್ಕೆಯಿಟ್ಟು ಜೋಡಿಸುತ್ತ ಹೋಗುವ ಒಂದು ಫಂಕ್ಷನ್ ಬರೆದುಕೊಳ್ಳಬೇಕು. ಪ್ರತಿ ಅಂಶದಿಂದ ಬಂದ ಅರೇಗಳನ್ನು ಒಂದೇ ಅರೇಯಾಗಿ ಸೇರಿಸುವ ಫ್ಲ್ಯಾಟ್‌ಮ್ಯಾಪ್ ಬಳಸಿದರೆ ಅದು ಹತ್ತು ಸಾಲಿನೊಳಗೆ ಮುಗಿಯುತ್ತದೆ. ವ್ಯಾಲ್ಯೂ ಯಾವ ಬಗೆಯದೆಂದು ತಿಳಿಸುವ ಟೈಪ್‌ಆಫ್, ‘ಏನೂ ಇಲ್ಲ’ ಎಂದು ಸೂಚಿಸುವ ನಲ್ ಅನ್ನೂ ಆಬ್ಜೆಕ್ಟ್ ಎಂದೇ ಹೇಳುವುದರಿಂದ, ಅದನ್ನು ಬೇರೆಯಾಗಿ ಪರೀಕ್ಷಿಸದಿದ್ದರೆ ಟೈಪ್‌ಎರರ್ ಬರುತ್ತದೆ. ಡೇಟ್ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು: ಅದನ್ನು ಬಿಚ್ಚಲು ಹೋದರೆ ಖಾಲಿ ಅರೇ ಸಿಗುತ್ತದೆ, ಯಾವ ಎರರ್ ಕೂಡ ಇಲ್ಲದೆ ದಿನಾಂಕವೇ ಮಾಯವಾಗುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಕೀಗಳ ಕ್ರಮ. ಅಂಕಗಳ ಇಳಿಕೆ ಕ್ರಮದಲ್ಲಿ ಜೋಡಿಸಿ ಕಳುಹಿಸಿದ್ದ ಜೇಸನ್‌ನಲ್ಲಿ 205, 31, 118 ಎಂಬ ಐಡಿಗಳೇ ಕೀಗಳಾಗಿದ್ದವು. ಅರೇ ಆಗಿ ಹೊರಬಂದಾಗ ಅವು 31, 118, 205 ಎಂದಾಗಿದ್ದವು. ಅರ್ಧ ದಿನ ನನ್ನದೇ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಪೂರ್ಣಾಂಕದಂತಿರುವ ಕೀಗಳನ್ನು ಮೊದಲು ಏರಿಕೆ ಕ್ರಮದಲ್ಲಿಟ್ಟು, ಉಳಿದ ಸ್ಟ್ರಿಂಗ್ ಕೀಗಳನ್ನು ಸೇರಿಸಿದ ಕ್ರಮದಲ್ಲಿ ಕೊಡುವುದು ಜಾವಾಸ್ಕ್ರಿಪ್ಟ್ ಆಬ್ಜೆಕ್ಟಿನ ನಿಯಮವೇ ಆಗಿರುವುದರಿಂದ, ಇದನ್ನು ಎಂಟ್ರೀಸ್‌ನ ದೋಷವೆಂದು ನಾನು ಎಣಿಸುವುದಿಲ್ಲ. ಜೇಸನ್ ಓದಿದ ಕ್ಷಣದಲ್ಲೇ ಮೂಲ ಕ್ರಮ ಕಳೆದುಹೋಗಿರುತ್ತದೆ, ಆಮೇಲೆ ಅದನ್ನು ಮರಳಿ ಪಡೆಯಲು ದಾರಿಯಿಲ್ಲ. ಕ್ರಮಕ್ಕೆ ಬೆಲೆಯಿರುವ ಕಡೆ ಐಡಿಯನ್ನು ಪ್ರತಿ ದಾಖಲೆಯೊಳಗೇ ಇಟ್ಟು, ಸರ್ವರ್‌ನಿಂದಲೇ ಅರೇ ಕಳುಹಿಸುವಂತೆ ಕೇಳಿಕೊಳ್ಳಿ.