ಹಕ್ಕುಗಳ ಪಾಠ: ಚರಿತ್ರೆಯಿಂದಲೋ, ಮೊಕದ್ದಮೆಯಿಂದಲೋ?

ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠವನ್ನು ಚರಿತ್ರೆಯಿಂದ ಆರಂಭಿಸಬಹುದು, ಇಲ್ಲವೇ ಒಂದು ಕೋರ್ಟ್ ಮೊಕದ್ದಮೆಯಿಂದ. ಚರಿತ್ರೆಯಿಂದ ಹೊರಟರೆ ಅಸ್ಪೃಶ್ಯತೆಯನ್ನು ರದ್ದುಪಡಿಸುವ ಸಂವಿಧಾನದ 17ನೇ ವಿಧಿ ಮಹಾರಾಷ್ಟ್ರದ ಮಹಾಡ್‌ನ ಕೆರೆಯ ದಂಡೆಯಲ್ಲಿ ಶುರುವಾಗುತ್ತದೆ. ದಲಿತರಿಗೆ ನಿರಾಕರಿಸಲಾಗಿದ್ದ ಆ ಕೆರೆಯ ನೀರನ್ನು 1927ರಲ್ಲಿ ಅಂಬೇಡ್ಕರ್ ಜನರೊಡನೆ ಕುಡಿದರು. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದುಪಡಿಸುವ ವಿಧಿಯನ್ನು ಅಂಗೀಕರಿಸಿದಾಗ ಮೊಳಗಿದ್ದು ಗಾಂಧೀಜಿಗೆ ಜೈಕಾರ! ಇದೊಂದರ ಮೇಲೆಯೇ ಇಡೀ ಪೀರಿಯಡ್ ಚರ್ಚಿಸಬಹುದು. ಆದರೆ ಪರೀಕ್ಷೆ ಹತ್ತಿರ ಬಂದರೆ ಉಳಿಯುವುದು ಇಸವಿಗಳ ಬಾಯಿಪಾಠವೇ.

ಮೊಕದ್ದಮೆ ಬೇಗ ನಾಟುತ್ತದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಧಾರ್ಮಿಕ ನಂಬಿಕೆಯಿಂದಾಗಿ ಹಾಡಲಿಲ್ಲ, ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ತೀರ್ಪನ್ನು ಬಚ್ಚಿಟ್ಟು, ಮೊದಲು ತರಗತಿಯಲ್ಲಿ ವಾದ ಮಾಡಿಸಿ.

ಒಂದೇ ಪೀರಿಯಡ್ ಸಿಕ್ಕರೆ ನನ್ನ ಆಯ್ಕೆ ಮೊಕದ್ದಮೆ. ವಾರವಿಡೀ ಇದ್ದರೆ ಮಹಾಡ್‌ನಿಂದಲೇ ಆರಂಭಿಸಿ.