ಕೋಲ್ಸ್ ಒಳಗಿನ ಸೆಫೋರಾನಾ, ಟಾರ್ಗೆಟ್ ಒಳಗಿನ ಅಲ್ಟಾನಾ?

ಊರಿಗೆ ಹೊರಡೋ ಸೀಸನ್ ಬಂದ್ರೆ ಸಾಕು, ಇಲ್ಲಿ ಅಮೆರಿಕದಲ್ಲಿರೋ ಗೆಳತಿಯರು ತಂಗಿಗೆ, ನಾದಿನಿಗೆ ಮೇಕಪ್ ಎಲ್ಲಿ ತಗೊಳ್ಳೋದು ಅಂತ ಕೇಳ್ತಾರೆ. ಕೋಲ್ಸ್, ಟಾರ್ಗೆಟ್ ಇಲ್ಲಿನ ದೊಡ್ಡ ಅಂಗಡಿಗಳು, ಸೆಫೋರಾ, ಅಲ್ಟಾ ಅವುಗಳ ಒಳಗೂ ಜಾಗ ಮಾಡ್ಕೊಂಡಿರೋ ಮೇಕಪ್ ಅಂಗಡಿಗಳು. ಎರಡೂ ಕಡೆ ಬೇಕಾದಷ್ಟು ಸಲ ಹೋಗಿ ಬಂದಿದೀನಿ, ಅದಕ್ಕೇ ಮೊದಲೇ ಹೇಳ್ಬಿಡ್ತೀನಿ: ನಿಧಾನವಾಗಿ ಶೇಡ್ ನೋಡಿ ಆರಿಸ್ಬೇಕು ಅಂದ್ರೆ ಕೋಲ್ಸ್ ಒಳಗಿನ ಸೆಫೋರಾ. ಯಾವುದು ಬೇಕು ಅಂತ ಮೊದಲೇ ಗೊತ್ತಿದ್ದು, ಹಾಲು, ಮೊಟ್ಟೆ, ಡೈಪರ್ ಜೊತೆಗೆ ಒಂದು ಮಸ್ಕಾರಾನೂ ಕಾರ್ಟಿಗೆ ಹಾಕ್ಕೊಂಡು ಬರೋದಾದ್ರೆ ಟಾರ್ಗೆಟ್ ಒಳಗಿನ ಅಲ್ಟಾ.

ಎರಡೂ ಶುರುವಾಗಿದ್ದು 2021ರ ಆಗಸ್ಟಲ್ಲೇ. ಸೆಫೋರಾಗೆ ಇದು ಹೊಸದೇನಲ್ಲ, 2006ರಿಂದಲೇ ಜೆಸಿಪೆನ್ನಿ ಅನ್ನೋ ಇನ್ನೊಂದು ದೊಡ್ಡ ಅಂಗಡಿ ಒಳಗೆ ಅಂಗಡಿ ಇಟ್ಟಿದ್ರು, ಆಮೇಲೆ ಕೋಲ್ಸ್ ಕಡೆ ಬಂದ್ರು. ದೊಡ್ಡ ವ್ಯತ್ಯಾಸ ಜಾಗದ್ದು. ಕೋಲ್ಸ್‌ನಲ್ಲಿ ಪೂರ್ತಿ ಸೈಜಿನ ಸೆಫೋರಾ ಅಂದ್ರೆ ಸುಮಾರು 2,500 ಚದರ ಅಡಿ, ಅದೂ ಮುಂಬಾಗಿಲ ಹತ್ರಾನೇ, ಒಳಗೆ ಕಾಲಿಟ್ರೆ ಕಪ್ಪು ಬಿಳುಪಿನ ಸೆಫೋರಾ ಅಂಗಡಿನೇ ಕಾಣುತ್ತೆ (ಚಿಕ್ಕ ಊರುಗಳ ಕೋಲ್ಸ್‌ನಲ್ಲಿ ಇದಕ್ಕಿಂತ ಎಷ್ಟೋ ಸಣ್ಣದು ಇರುತ್ತೆ, ಅದನ್ನ ನೋಡಿ ನಿರ್ಧಾರ ಮಾಡ್ಬೇಡಿ). ಟಾರ್ಗೆಟ್‌ನಲ್ಲಿ ಅಲ್ಟಾಗೆ ಸುಮಾರು 1,000 ಚದರ ಅಡಿ, ಟಾರ್ಗೆಟ್‌ದೇ ಬ್ಯೂಟಿ ಸೆಕ್ಷನ್ ಪಕ್ಕದಲ್ಲಿ. ಮ್ಯಾಕ್, ಕ್ಲಿನಿಕ್, ಟಾರ್ಟ್ ಥರದ ದುಬಾರಿ ಬ್ರ್ಯಾಂಡುಗಳ ಆಯ್ದ ಸಾಮಾನು ಮಾತ್ರ. ಬೇರೆ ಅಲ್ಟಾ ಅಂಗಡಿಗಳಲ್ಲಿರೋ ಹೇರ್ ಸಲೂನ್, ಹುಬ್ಬು ತಿದ್ದೋದು ಇಲ್ಲಿಲ್ಲ.

ಈ ಜಾಗದ ವ್ಯತ್ಯಾಸ ನಮ್ಮಂಥೋರಿಗೆ ಯಾಕೆ ಮುಖ್ಯ ಅಂದ್ರೆ, ನಮ್ಮ ಬಣ್ಣಕ್ಕೆ ಫೌಂಡೇಶನ್ ಸಿಗೋದೇ ಒಂದು ದೊಡ್ಡ ಕೆಲಸ. ಗೋಧಿ ಬಣ್ಣ ಅಂತ ಒಂದೇ ಮಾತಲ್ಲಿ ಹೇಳ್ತೀವಿ, ಆದ್ರೆ ಒಬ್ಬರದ್ದು ಹಳದಿ ಛಾಯೆ, ಇನ್ನೊಬ್ಬರದ್ದು ಸ್ವಲ್ಪ ಹಸಿರು, ಇನ್ನೊಬ್ಬರದ್ದು ಕೆಂಪು. ಫೆಂಟಿ ಅನ್ನೋ ಮೇಕಪ್ ಬ್ರ್ಯಾಂಡ್ 2017ರಲ್ಲಿ ಒಂದೇ ಸಲಕ್ಕೆ 40 ಶೇಡ್ ತಂದ ಮೇಲೇನೇ ಬೇರೆ ಬ್ರ್ಯಾಂಡುಗಳಿಗೂ ಈ ಕಡೆ ಗಮನ ಬಂದಿದ್ದು ಅಂತ ನನಗನ್ನಿಸುತ್ತೆ, ಆ ಫೆಂಟಿ ಕೋಲ್ಸ್ ಒಳಗಿನ ಸೆಫೋರಾದಲ್ಲಿ ಸಿಗುತ್ತೆ. ನಾನು ಮಾಡೋದು ಹೀಗೆ, ದವಡೆ ಮೇಲೆ ಮೂರು ಶೇಡ್ ಪಕ್ಕಪಕ್ಕದಲ್ಲಿ ಗೆರೆ ಎಳ್ಕೊಂಡು, ಬಾಗಿಲು ಅಲ್ಲೇ ಇರೋದ್ರಿಂದ ಆಚೆ ಬಿಸಿಲಿಗೆ ಬಂದು ಫೋನ್ ಕ್ಯಾಮೆರಾದಲ್ಲಿ ನೋಡ್ತೀನಿ, ಯಾವ ಗೆರೆ ಮಾಯ ಆಗುತ್ತೋ ಅದೇ ನಮ್ಮ ಶೇಡ್. ಅಲ್ಲಿನ ಹುಡುಗಿಯೊಬ್ಬಳು, ತಕ್ಷಣ ತಗೋಬೇಡಿ, ಒಣಗಿದ ಮೇಲೆ ಬಣ್ಣ ಗಾಢ ಆಗುತ್ತೆ, ಒಂದು ಸುತ್ತು ಹಾಕ್ಕೊಂಡು ಬನ್ನಿ ಅಂದ್ಲು, ನಿಜವಾಗ್ಲೂ ಆಯ್ತು! ಆಕೆ ಕೋಲ್ಸ್ ಕೆಲಸದವಳು, ಟ್ರೇನಿಂಗ್ ಮಾತ್ರ ಸೆಫೋರಾದ್ದು. ಟಾರ್ಗೆಟ್‌ನಲ್ಲೂ ಇದೇ ವ್ಯವಸ್ಥೆ, ಟಾರ್ಗೆಟ್ ಸಿಬ್ಬಂದಿಗೆ ಅಲ್ಟಾ ತರಬೇತಿ.

ರಿಟರ್ನ್ ವಿಷಯದಲ್ಲಿ ಎರಡೂ ಒಂದೇ: ತಗೊಂಡಿದ್ದು ಯಾರ ಕೌಂಟರಲ್ಲೋ ವಾಪಸ್ ಅಲ್ಲಿಗೇ. ಕೋಲ್ಸ್ ಬಿಲ್ ಹಿಡ್ಕೊಂಡು ಮಾಲ್‌ನಲ್ಲಿರೋ ಸೆಫೋರಾಗೆ ಹೋಗ್ಬೇಡಿ.

ಟಾರ್ಗೆಟ್ ಬಗ್ಗೆ ಇನ್ನೊಂದು ಮುಖ್ಯ ವಿಷಯ, 2026ರ ಆಗಸ್ಟ್‌ಗೆ ಒಪ್ಪಂದ ಮುಗಿಯುತ್ತೆ, ಮುಂದುವರಿಸಲ್ಲ ಅಂತ ಎರಡೂ ಕಂಪನಿಗಳು 2025ರಲ್ಲೇ ಹೇಳಿವೆ. ಟಾರ್ಗೆಟ್ ಅಲ್ಟಾಗೆ ರಾಯಲ್ಟಿ ಕೊಡ್ತಿತ್ತು, ಕೋಲ್ಸ್ ಮತ್ತು ಸೆಫೋರಾ ಲಾಭಾನೇ ಹಂಚ್ಕೋತಾರೆ. ಲಾಭದಲ್ಲಿ ಪಾಲಿದ್ರೆ ಅಂಗಡಿ ಬಗ್ಗೆ ಇಬ್ಬರಿಗೂ ಕಾಳಜಿ ಜಾಸ್ತಿ ಇರುತ್ತೆ ಅನ್ನೋದು ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಮಾತ್ರ ಟಾರ್ಗೆಟ್ ಸುಲಭ. ಟಾರ್ಗೆಟ್ ಕಾರ್ಡ್ ಇದ್ರೆ ಅಲ್ಟಾ ಸಾಮಾನಿಗೂ 5% ಕಮ್ಮಿ, ಅಕೌಂಟ್ ಲಿಂಕ್ ಮಾಡಿದ್ರೆ ಅಲ್ಟಾ ಪಾಯಿಂಟ್ಸೂ ಸೇರುತ್ತೆ, ಆದ್ರೆ ಆ ಪಾಯಿಂಟ್ಸ್ ಖರ್ಚು ಮಾಡೋಕೆ ಅಲ್ಟಾದ್ದೇ ಅಂಗಡಿಗೋ ವೆಬ್‌ಸೈಟಿಗೋ ಹೋಗ್ಬೇಕು. ಕೋಲ್ಸ್‌ನಲ್ಲೂ ಸೆಫೋರಾ ಪಾಯಿಂಟ್ಸ್, ಕೋಲ್ಸ್ ರಿವಾರ್ಡ್ಸ್ ಎರಡೂ ಸೇರುತ್ತೆ. ಕೋಲ್ಸ್ ಕ್ಯಾಶ್ (ಖರೀದಿ ಮಾಡಿದ್ದಕ್ಕೆ ಮುಂದಿನ ಸಲಕ್ಕೆ ಅಂತ ಕೋಲ್ಸ್ ಕೊಡೋ ರಿಯಾಯಿತಿ) ಸೆಫೋರಾ ಸಾಮಾನಿಗೂ ನಡೆಯುತ್ತೆ, ಆದ್ರೆ ಕೋಲ್ಸ್ ಕೂಪನ್ ನಡೆಯಲ್ಲ, ಬಟ್ಟೆಗೋ ಪಾತ್ರೆಗೋ ಹಾಕ್ಬೇಕು. ನಾನು ಅದನ್ನ ಮಕ್ಕಳ ಸಾಕ್ಸ್, ಸ್ವೆಟರ್‌ಗೆ ಅಂತಾನೇ ಎತ್ತಿಟ್ಟಿರ್ತೀನಿ.