ವಾಟ್ಸ್‌ಆ್ಯಪ್ ಮತ್ತು ಮುಸುಕಿನ ಗುದ್ದಾಟ: ಒಂದು ಬಳಕೆದಾರ ವಿಮರ್ಶೆ

ವಾಟ್ಸ್‌ಆ್ಯಪ್ ಕುರಿತ ವಿಮರ್ಶೆಗಳು ಸಾಮಾನ್ಯವಾಗಿ ಅದರ ವೇಗ, ಗೋಪ್ಯತೆ, ಕರೆಗಳ ಸ್ಪಷ್ಟತೆ, ಫೋನಿನಲ್ಲಿ ಅದು ಆಕ್ರಮಿಸುವ ಜಾಗ ಇಷ್ಟರಲ್ಲೇ ಮುಗಿಯುತ್ತವೆ. ಆ ವಿಷಯಗಳಲ್ಲಿ ನನಗೆ ಹೊಸದಾಗಿ ಹೇಳುವುದೇನೂ ಇಲ್ಲ. ಸುದ್ದಿ ಮುಟ್ಟಿಸುವ ಸಾಧನವಾಗಿ ಅದು ಉತ್ತಮವಾಗಿದೆ, ಮತ್ತು ನಮ್ಮಲ್ಲಿ ಬಹುಪಾಲು ಜನ ಅದನ್ನು ಬಿಟ್ಟು ಸಂಸಾರವನ್ನಾಗಲಿ ಕಚೇರಿಯನ್ನಾಗಲಿ ನಡೆಸಲಾರದ ಸ್ಥಿತಿಗೆ ಬಂದಿದ್ದೇವೆ. ಇಲ್ಲಿ ನಾನು ಪರಿಶೀಲಿಸುತ್ತಿರುವುದು ಅದರ ಇನ್ನೊಂದು ಬಳಕೆಯನ್ನು. ಕೋಪ ಬಂದಾಗ ಕೋಪ ಬಂದಿದೆ ಎಂದು ಹೇಳದೆ, ಅದನ್ನು ತಡವಾದ ಉತ್ತರದಲ್ಲಿ, ಉದ್ದೇಶಪೂರ್ವಕ ಮೌನದಲ್ಲಿ, ಕೊಂಕು ಮಾತಿನಲ್ಲಿ, ‘ಅಯ್ಯೋ ಮರೆತೇ ಹೋಯಿತು’ ಎಂಬ ನೆಪದಲ್ಲಿ ತೀರಿಸಿಕೊಳ್ಳುವ ವರ್ತನೆಯನ್ನು ಮನೋವಿಜ್ಞಾನದಲ್ಲಿ ಪ್ಯಾಸಿವ್ ಅಗ್ರೆಸಿವ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ರಾಜಕಾರಣಿಗಳ ವಿಚಾರದಲ್ಲಿ ಅದನ್ನೇ ಮುಸುಕಿನ ಗುದ್ದಾಟ ಎಂದು ಬರೆಯುತ್ತವೆ. ಕುಟುಂಬ, ಅಪಾರ್ಟ್‌ಮೆಂಟ್ ಮತ್ತು ಕಚೇರಿಯ ಗುಂಪುಗಳಲ್ಲಿ ಈ ಗುದ್ದಾಟಕ್ಕೆ ವಾಟ್ಸ್‌ಆ್ಯಪ್ ಎಷ್ಟರ ಮಟ್ಟಿಗೆ ಒದಗಿಬರುತ್ತದೆ, ಎಲ್ಲಿ ಅದನ್ನು ಹೆಚ್ಚಿಸುತ್ತದೆ, ಎಲ್ಲಿ ತಗ್ಗಿಸುತ್ತದೆ ಎಂಬುದೇ ಈ ವಿಮರ್ಶೆಯ ವಸ್ತು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಮೊಬೈಲ್ ಬಂದು ಮನುಷ್ಯರ ಸ್ವಭಾವ ಕೆಟ್ಟಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವುದು ಫೋನಿಗಿಂತ ಬಹಳ ಹಳೆಯದು. ಪಾತ್ರೆಯನ್ನು ಸದ್ದಾಗುವಂತೆ ಇಡುವುದು, ಊಟಕ್ಕೆ ಕರೆದಾಗ ‘ಹಸಿವಿಲ್ಲ’ ಎನ್ನುವುದು, ಎದುರಿಗಿದ್ದವರಿಗೆ ಹೇಳಬೇಕಾದುದನ್ನು ಮಗುವಿಗೆ ಹೇಳುವಂತೆ ಹೇಳುವುದು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇದೆ. ಹಾಗಾಗಿ ಈ ಉತ್ಪನ್ನವನ್ನು ತೂಗುವ ಮೊದಲು, ಜನ ಹೀಗೆ ಏಕೆ ವರ್ತಿಸುತ್ತಾರೆ ಎಂಬ ಪ್ರಶ್ನೆಯನ್ನು ಎದುರಿಸಲೇಬೇಕು.

ಈ ಪರಿಕಲ್ಪನೆ ದಾಖಲಾದ ಸಂದರ್ಭವೇ ಆ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಮನೋವೈದ್ಯರು ಒಂದು ಬಗೆಯ ಸೈನಿಕರನ್ನು ಗಮನಿಸಿದರು. ಇವರು ಆಜ್ಞೆಯನ್ನು ಧಿಕ್ಕರಿಸುತ್ತಿರಲಿಲ್ಲ, ಎದುರು ಮಾತಾಡುತ್ತಿರಲಿಲ್ಲ. ಆದರೆ ಮುಖ ಊದಿಸಿಕೊಂಡು, ಕೆಲಸವನ್ನು ಎಳೆದಾಡಿ, ಹಟ ಹಿಡಿದು, ಅದು ಆಗಬೇಕಾದ ಹಾಗೆ ಆಗದಂತೆ ನೋಡಿಕೊಳ್ಳುತ್ತಿದ್ದರು. ಸೇನೆಯ ಮನೋವೈದ್ಯ ವಿಲಿಯಂ ಮೆನಿಂಜರ್ ನೇತೃತ್ವದಲ್ಲಿ ಸಿದ್ಧವಾಗಿ 1945ರಲ್ಲಿ ಹೊರಬಂದ ‘ಮೆಡಿಕಲ್ 203’ ಎಂಬ ಸೇನಾ ದಸ್ತಾವೇಜಿನಲ್ಲಿ ಈ ವರ್ತನೆಗೆ ಹೆಸರು ದೊರೆಯಿತು. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಪ್ರಕಟಿಸಿದ ಮೊದಲ ರೋಗವರ್ಗೀಕರಣದ ಕೈಪಿಡಿಯಲ್ಲಿ ಅದು ವ್ಯಕ್ತಿತ್ವದ ದೋಷವಾಗಿ ಸೇರಿಕೊಂಡಿತು. 1994ರ ನಾಲ್ಕನೆಯ ಆವೃತ್ತಿಯಲ್ಲಿ ಅನುಬಂಧಕ್ಕೆ ಸರಿಯಿತು. 2013ರ ಐದನೆಯ ಆವೃತ್ತಿಯ ಹೊತ್ತಿಗೆ ಪಟ್ಟಿಯಿಂದಲೇ ಹೊರಬಿತ್ತು. ಸೇನೆಯಲ್ಲಿ ಸಿಪಾಯಿ ‘ಆಗುವುದಿಲ್ಲ’ ಎಂದರೆ ಶಿಕ್ಷೆ ಖಚಿತ. ‘ಆಗುತ್ತದೆ’ ಎಂದು ಹೇಳಿ ನಿಧಾನ ಮಾಡಿದರೆ ಯಾರೂ ಸುಲಭವಾಗಿ ಹಿಡಿಯಲಾರರು. ಬಾಯಿಬಿಟ್ಟು ಬೇಡ ಎನ್ನುವುದಕ್ಕೆ ಬೆಲೆ ತೆರಬೇಕಾದ ಜಾಗದಲ್ಲಿ ಬೇಡ ಎಂಬುದು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಇದನ್ನು ಒಬ್ಬೊಬ್ಬರ ಸ್ವಭಾವದ ಕೊರತೆಯಾಗಿ ನೋಡುವುದಕ್ಕಿಂತ, ಆಯಾ ಜಾಗದ ಅಧಿಕಾರದ ಏರ್ಪಾಡಿನ ಫಲವಾಗಿ ನೋಡುವುದು ಹೆಚ್ಚು ನ್ಯಾಯವೆಂದು ನಾನು ನಂಬಿದ್ದೇನೆ.

ನಮ್ಮ ಕುಟುಂಬಗಳಲ್ಲಿಯೂ ಕಚೇರಿಗಳಲ್ಲಿಯೂ ಆ ಏರ್ಪಾಡು ಹೇಗಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. ದೊಡ್ಡವರಿಗೆ ಎದುರು ಮಾತಾಡಬಾರದು, ಬಂದ ಸೊಸೆ ಧ್ವನಿ ಎತ್ತಬಾರದು, ಮೇಲಧಿಕಾರಿಯ ಮಾತಿಗೆ ನಾಲ್ಕು ಜನರ ಮುಂದೆ ಅಡ್ಡಿ ಹೇಳಬಾರದು ಎಂದು ಕಲಿತು ಬೆಳೆದವರು ನಾವು. ಕೋಪ ಮಾಡಿಕೊಳ್ಳುವ ಹಕ್ಕು ವಯಸ್ಸು, ಹುದ್ದೆ, ಗಂಡು ಹೆಣ್ಣು ಎಂಬ ಲೆಕ್ಕಕ್ಕೆ ತಕ್ಕಂತೆ ಹಂಚಿಹೋಗಿದೆ. ಆದರೆ ಕೋಪ ಬರುವುದು ಮಾತ್ರ ಆ ಲೆಕ್ಕ ನೋಡಿಕೊಂಡು ಬರುವುದಿಲ್ಲ. ಹಕ್ಕಿಲ್ಲದವರ ಕೋಪ ‘ನಮ್ಮನ್ನೆಲ್ಲ ಯಾರು ಕೇಳುತ್ತಾರೆ ಬಿಡಿ’, ‘ನೀವು ದೊಡ್ಡವರು, ನಿಮಗೆ ಗೊತ್ತಿಲ್ಲದ್ದು ಏನಿದೆ’, ‘ಸರಿ, ನಿಮ್ಮಿಷ್ಟ’ ಎಂಬ ರೂಪ ತಾಳುತ್ತದೆ. ಪ್ರತಿಯೊಂದೂ ಕೇಳುವುದಕ್ಕೆ ವಿನಯದ ಮಾತೇ. ಯಾರಾದರೂ ‘ಏಕೆ ಹಾಗೆ ಹೇಳಿದಿರಿ’ ಎಂದು ಕೇಳಿದರೆ ‘ನಾನೇನು ತಪ್ಪು ಹೇಳಿದೆ’ ಎಂದು ಹಿಂದೆ ಸರಿಯುವ ದಾರಿಯೂ ತೆರೆದೇ ಇರುತ್ತದೆ. ಅಲ್ಲಗಳೆಯುವ ಈ ಅವಕಾಶವೇ ಮುಸುಕಿನ ಗುದ್ದಾಟದ ಜೀವಾಳ, ಮತ್ತು ಈ ಉತ್ಪನ್ನದ ಸೌಲಭ್ಯಗಳನ್ನು ನಾನು ಮುಖ್ಯವಾಗಿ ಇದೇ ಅಳತೆಗೋಲಿನಿಂದ ಅಳೆದಿದ್ದೇನೆ.

ನೀಲಿ ಗೆರೆಗಳಿಂದ ಆರಂಭಿಸುತ್ತೇನೆ, ಏಕೆಂದರೆ ವಿಷಯ ಹೆಚ್ಚು ಗಾಢವಾಗಿರುವುದು ಅಲ್ಲಿಯೇ. ಸಂದೇಶವನ್ನು ಓದಲಾಗಿದೆ ಎಂದು ತಿಳಿಸುವ ಜೋಡಿ ನೀಲಿ ಗುರುತು 2014ರ ನವೆಂಬರಿನಲ್ಲಿ ಬಂತು. ಅದಕ್ಕೆ ಮೊದಲು ಉತ್ತರ ಬಾರದಿದ್ದರೆ ‘ನೋಡಿರಲಿಕ್ಕಿಲ್ಲ’ ಎಂದುಕೊಂಡು ಸಮಾಧಾನ ಮಾಡಿಕೊಳ್ಳುವ ಅವಕಾಶ ಇಬ್ಬರಿಗೂ ಇತ್ತು. ಗುರುತು ಬಂದ ಮೇಲೆ ಓದಿ ಸುಮ್ಮನಿರುವುದು ತಾನೇ ಒಂದು ಮಾತಾಗಿಬಿಟ್ಟಿತು, ಅದೂ ಹೊತ್ತುಗೊತ್ತಿನ ಸಾಕ್ಷಿಯೊಂದಿಗೆ. ಮುನಿಸಿಕೊಂಡವರು ‘ನೋಡಿದ್ದೇನೆ, ಆದರೂ ಉತ್ತರಿಸುವುದಿಲ್ಲ’ ಎಂಬುದನ್ನು ಒಂದಕ್ಷರವೂ ಬರೆಯದೆ ತಿಳಿಸಬಹುದು. ಕೇಳಿದರೆ ‘ಕೆಲಸದಲ್ಲಿದ್ದೆ’ ಎನ್ನಬಹುದು. ಈ ಮೌನ ಮನಸ್ಸಿಗೆ ಎಷ್ಟು ತಾಗುತ್ತದೆ ಎಂಬುದನ್ನು ಲಘುವಾಗಿ ಕಾಣಬಾರದು. ಮನೋವಿಜ್ಞಾನಿ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಸರಳ ಆಟವೊಂದನ್ನು ರೂಪಿಸಿ, ಆಟದ ನಡುವೆ ಒಬ್ಬರಿಗೆ ಚೆಂಡು ಬಾರದಂತೆ ಮಾಡಿ ನೋಡಿದ್ದಾರೆ. ಎಂದೂ ಕಾಣದ ಅಪರಿಚಿತರು ಕೆಲವೇ ನಿಮಿಷ ಕಡೆಗಣಿಸಿದರೂ ಆ ವ್ಯಕ್ತಿಯ ಆತ್ಮಗೌರವವೂ ತಾನು ಇಲ್ಲಿಯವನೆಂಬ ಭಾವವೂ ಕುಗ್ಗುತ್ತವೆ ಎಂಬುದು ಆ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಫಲಿತಾಂಶ. ಅಪರಿಚಿತರ ಮೌನವೇ ಹೀಗಾದರೆ, ಒಡಹುಟ್ಟಿದವರ ಮೌನ ಎಷ್ಟು ನೋಯಿಸೀತು.

ಕಂಪನಿ ಈ ಗುರುತು ಕಾಣದಂತೆ ಮಾಡುವ ಆಯ್ಕೆಯನ್ನು ಕೊಟ್ಟಿದೆ ನಿಜ. ಹಾಗೆ ಮಾಡಿದವರಿಗೆ ಇತರರ ಗುರುತೂ ಕಾಣುವುದಿಲ್ಲ ಎಂಬ ನಿಯಮವೂ ನ್ಯಾಯವಾಗಿಯೇ ಇದೆ. ಆದರೆ ಈ ಆಯ್ಕೆ ಗುಂಪುಗಳಿಗೆ ಅನ್ವಯಿಸುವುದಿಲ್ಲ. ಗುಂಪಿನಲ್ಲಿ ಸಂದೇಶ ಕಳುಹಿಸಿದವರು ಅದನ್ನು ಒತ್ತಿ ಹಿಡಿದು ವಿವರ ತೆರೆದರೆ ಯಾರು ಯಾವ ಹೊತ್ತಿಗೆ ಓದಿದರು ಎಂಬ ಪಟ್ಟಿಯೇ ಸಿಗುತ್ತದೆ. ಇಪ್ಪತ್ತು ಜನರ ಕುಟುಂಬದ ಗುಂಪಿನಲ್ಲಿ ಗೃಹಪ್ರವೇಶದ ಆಮಂತ್ರಣ ಹಾಕಿದವರು ಆ ಪಟ್ಟಿಯನ್ನು ನೋಡತೊಡಗಿದರೆಂದರೆ, ಯಾರು ಶುಭ ಹಾರೈಸಿದರು ಎಂಬುದಕ್ಕಿಂತ ಓದಿಯೂ ಸುಮ್ಮನಿದ್ದವರು ಯಾರು ಎಂಬುದೇ ಮನಸ್ಸಿನಲ್ಲಿ ನಿಲ್ಲುತ್ತದೆ. ಸಂಬಂಧಗಳಿಗೆ ಇಂಥ ಹಾಜರಿ ಪುಸ್ತಕದ ಅಗತ್ಯವಿಲ್ಲ. ಈ ಉತ್ಪನ್ನದಲ್ಲಿ ನಾನು ಕಾಣುವ ಅತಿ ದೊಡ್ಡ ಕೊರತೆ ಇದು.

ಎರಡನೆಯದು ಸ್ಟೇಟಸ್. ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಯವಾಗುವ ಚಿತ್ರ ಮತ್ತು ಬರಹಗಳ ಈ ಸೌಲಭ್ಯ 2017ರಲ್ಲಿ ಬಂದದ್ದು ಸಂತೋಷ ಹಂಚಿಕೊಳ್ಳಲೆಂದು, ಮತ್ತು ಹೆಚ್ಚಿನವರು ಅದನ್ನು ಹಾಗೆಯೇ ಬಳಸುತ್ತಾರೆ. ಆದರೆ ಅತ್ತಿಗೆ ನಾದಿನಿಯರ ನಡುವೆ ಮನಸ್ತಾಪವಾದ ಮರುದಿನ ‘ನಂಬಿದವರೇ ಬೆನ್ನಿಗೆ ಚೂರಿ ಹಾಕುತ್ತಾರೆ’ ಎಂಬ ಸಾಲು ಹೂವಿನ ಚಿತ್ರದ ಮೇಲೆ ಕಾಣಿಸಿಕೊಳ್ಳುವುದನ್ನು ನೋಡದವರು ಕಡಿಮೆ. ಅದು ಯಾರಿಗೆ ಎಂದು ಎಲ್ಲಿಯೂ ಬರೆದಿರುವುದಿಲ್ಲ, ಆದರೂ ಯಾರಿಗೆ ತಲುಪಬೇಕೋ ಅವರಿಗೆ ತಲುಪಿರುತ್ತದೆ. ತಲುಪಿತೇ ಎಂದು ಖಚಿತಪಡಿಸಿಕೊಳ್ಳಲು ನೋಡಿದವರ ಪಟ್ಟಿಯೂ ಸಿದ್ಧವಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು, ಇಂಥವರಿಗೆ ಮಾತ್ರ ಕಾಣಲಿ ಅಥವಾ ಇಂಥವರಿಗೆ ಕಾಣದಿರಲಿ ಎಂದು ಆರಿಸುವ ಅವಕಾಶ. ಗೋಪ್ಯತೆಯ ದೃಷ್ಟಿಯಿಂದ ಅದು ಬೇಕೇ ಬೇಕು. ಆದರೆ ಪ್ರವಾಸದ ಚಿತ್ರಗಳು ತನಗೊಬ್ಬಳಿಗೆ ಕಂಡಿಲ್ಲ ಎಂಬುದು ಮೂರನೆಯವರ ಬಾಯಿಂದ ತಿಳಿದಾಗ, ಹೊರಗಿಡಲ್ಪಟ್ಟವಳಿಗೆ ಜಗಳಕ್ಕಿಂತ ಹೆಚ್ಚಿನ ನೋವಾಗುತ್ತದೆ. ಜಗಳವಾಗಿದ್ದರೆ ಆಕೆಯೂ ತನ್ನ ಮಾತು ಆಡಬಹುದಿತ್ತು.

ಉಳಿದ ಸೌಲಭ್ಯಗಳ ವಿಚಾರ ಇಷ್ಟು ದೀರ್ಘವಾಗಬೇಕಿಲ್ಲ. ಕಳುಹಿಸಿದ ಸಂದೇಶವನ್ನು ಎಲ್ಲರಿಗೂ ಅಳಿಸುವ ಸೌಲಭ್ಯ 2017ರಿಂದ ಇದೆ. ಆದರೆ ಅಳಿಸಿದ ಜಾಗದಲ್ಲಿ ಅಳಿಸಲಾಗಿದೆ ಎಂಬ ಸೂಚನೆ ಉಳಿಯುವುದರಿಂದ, ಕೋಪದಲ್ಲಿ ಬರೆದು ಅಳಿಸಿದ್ದು ಅನೇಕ ವೇಳೆ ಬರೆದದ್ದಕ್ಕಿಂತ ದೊಡ್ಡದಾಗಿ ಊಹೆಗೆ ಸಿಗುತ್ತದೆ. 2023ರ ಮೇ ತಿಂಗಳಲ್ಲಿ ಬಂದ, ಹದಿನೈದು ನಿಮಿಷದೊಳಗೆ ಸಂದೇಶವನ್ನು ತಿದ್ದುವ ಅವಕಾಶ ಇದಕ್ಕಿಂತ ಎಷ್ಟೋ ಮೇಲು. ಕಟುವಾದ ಪದವನ್ನು ಮೃದು ಮಾಡಿಕೊಳ್ಳಲು ಅಷ್ಟು ಸಮಯ ಸಾಕು. ಗುಂಪಿನಿಂದ ಸದ್ದಿಲ್ಲದೆ ಹೊರಡುವ ಸೌಲಭ್ಯ 2022ರ ಆಗಸ್ಟಿನಲ್ಲಿ ಘೋಷಣೆಯಾಯಿತು. ಅದಕ್ಕೆ ಮೊದಲು ಹೊರಟವರ ಹೆಸರು ಎಲ್ಲರೆದುರು ಕಾಣುತ್ತಿತ್ತು, ಹೊರಡುವುದೇ ಬಾಗಿಲು ಬಡಿದು ಹೋದಂತೆ ಆಗುತ್ತಿತ್ತು. ಈಗ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುವುದರಿಂದ, ನಿಜಕ್ಕೂ ಬಿಡುವು ಬೇಕಾದವರು ಯಾರನ್ನೂ ನೋಯಿಸದೆ ಸರಿಯಬಹುದು. ಈ ಒಂದು ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಅಪಾರ್ಟ್‌ಮೆಂಟ್ ಗುಂಪುಗಳ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಮೇಲು ಕೀಳಿನ ಭಯಕ್ಕಿಂತ ನಾಳೆ ಲಿಫ್ಟಿನಲ್ಲಿ ಮುಖ ನೋಡಬೇಕಲ್ಲ ಎಂಬ ಅಳುಕು ಹೆಚ್ಚು. ಆದ್ದರಿಂದಲೇ ‘ಕೆಲವರು ಪಾರ್ಕಿಂಗ್ ಜಾಗವನ್ನು ಸ್ವಂತ ಆಸ್ತಿ ಎಂದುಕೊಂಡಿದ್ದಾರೆ’ ಎಂಬಂಥ, ಹೆಸರಿಲ್ಲದ ‘ಕೆಲವರ’ ಮೇಲಿನ ಸಂದೇಶಗಳು ಅಲ್ಲಿ ಹೇರಳ. ಇವು ತಪ್ಪು ಮಾಡಿದ ಒಬ್ಬರನ್ನು ಬಿಟ್ಟು, ಮಾಡದ ಹತ್ತು ಜನರಿಗೆ ‘ನನಗೇ ಹೇಳಿದ್ದೋ ಏನೋ’ ಎಂಬ ಸಂಶಯ ಹುಟ್ಟಿಸುತ್ತವೆ. ಬರಹದಲ್ಲಿ ಧ್ವನಿ ಕೇಳಿಸದಿರುವುದು ಈ ಸಂಶಯವನ್ನು ಬೆಳೆಸುತ್ತದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಮೇಲ್ ಮೂಲಕ ವ್ಯಂಗ್ಯದ ಮತ್ತು ಗಂಭೀರವಾದ ವಾಕ್ಯಗಳನ್ನು ಕಳುಹಿಸಿದವರು ತಮ್ಮ ಧಾಟಿ ಶೇ 78ರಷ್ಟು ಸಲ ಸರಿಯಾಗಿ ಅರ್ಥವಾಗುತ್ತದೆ ಎಂದುಕೊಂಡಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಶೇ 56ರಷ್ಟು ಮಾತ್ರ, ಅಂದರೆ ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಅದೇ ವಾಕ್ಯಗಳನ್ನು ಧ್ವನಿಯಲ್ಲಿ ಕೇಳಿದವರು ಶೇ 73ರಷ್ಟು ಸಲ ಸರಿಯಾಗಿ ಗುರುತಿಸಿದರು. ಚುಚ್ಚಬೇಕೆಂದು ಬರೆದದ್ದು ಚುಚ್ಚದೆ ಹೋಗಬಹುದು, ಚುಚ್ಚುವ ಉದ್ದೇಶವೇ ಇಲ್ಲದ ‘ಸರಿ’ ಎಂಬ ಒಂದು ಪದ ಆಳಕ್ಕೆ ಇಳಿಯಬಹುದು. ಮೇಲೆತ್ತಿದ ಹೆಬ್ಬೆರಳಿನ ಇಮೋಜಿಯೂ ಹಾಗೆಯೇ: ಹಿರಿಯರಿಗೆ ಅದು ಒಪ್ಪಿಗೆ, ಕಿರಿಯರಲ್ಲಿ ಎಷ್ಟೋ ಮಂದಿಗೆ ಅದು ಮಾತು ಮುಗಿಸುವ ತಣ್ಣನೆಯ ಉತ್ತರ.

ಇಷ್ಟು ಹೇಳಿದ ಮೇಲೆ, ಪರೋಕ್ಷವಾಗಿ ಕೋಪ ತೋರುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾಗುತ್ತದೆ. ಬಾಯಿ ತೆರೆದರೆ ಕೆಲಸ ಹೋಗುವ ನೌಕರ, ಎದುರಾಡಿದರೆ ತವರಿನ ಸಂಸ್ಕಾರದ ಪ್ರಸ್ತಾಪ ಕೇಳಬೇಕಾದ ಸೊಸೆ ಉತ್ತರವನ್ನು ತಡಮಾಡಿದರೆ, ಅದು ಅವರಿಗೆ ಉಳಿದಿರುವ ಏಕೈಕ ಪ್ರತಿಭಟನೆಯಾಗಿರಬಹುದು. ಅವರಿಗೆ ‘ನೇರವಾಗಿ ಮಾತಾಡಿ’ ಎಂದು ಬುದ್ಧಿ ಹೇಳುವುದು ಸುಲಭ. ನೇರವಾಗಿ ಮಾತಾಡಿದಾಗ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ಮೇಲಿನವರ ಹೊಣೆ. ಇದಕ್ಕೆ ಪ್ರತಿಯಾಗಿ, ಮಾತಾಡುವ ಎಲ್ಲ ಅಧಿಕಾರವಿದ್ದೂ ಮೌನದಿಂದ ದಂಡಿಸುವ ಹಿರಿಯರಿದ್ದಾರೆ, ಕೆಳಗಿನವರ ಪ್ರಶ್ನೆಯನ್ನು ಓದಿ ದಿನಗಟ್ಟಲೆ ಕಾಯಿಸುವ ಅಧಿಕಾರಿಗಳಿದ್ದಾರೆ. ಅವರದು ಅಸಹಾಯಕತೆಯಲ್ಲ, ಕ್ರೌರ್ಯ. ದುಃಖದ ಸಂಗತಿಯೆಂದರೆ, ಇಬ್ಬರ ಮೌನವೂ ಪರದೆಯ ಮೇಲೆ ಅದೇ ಎರಡು ನೀಲಿ ಗೆರೆಗಳಾಗಿ ಕಾಣುತ್ತದೆ.

ಬಳಸುವವರಿಗೆ ನನ್ನ ಶಿಫಾರಸುಗಳು ಹೀಗಿವೆ. ನೀರು ಬರುವ ಸಮಯ, ಮದುವೆಯ ಬಸ್ಸು ಹೊರಡುವ ಜಾಗ, ಸಭೆಯ ವರದಿ, ಮಕ್ಕಳ ಫೋಟೊ ಇಂಥವಕ್ಕೆ ವಾಟ್ಸ್‌ಆ್ಯಪ್ ಗುಂಪಿಗಿಂತ ಒಳ್ಳೆಯ ಸಾಧನ ನನಗೆ ತಿಳಿದಿಲ್ಲ. ಸೂಚನೆಗಳಿಗೆಂದೇ ಇರುವ ಗುಂಪನ್ನು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ದೂರು ಹೇಳಲು ಬೇರೊಂದು ಬಾಗಿಲು ತೆರೆದಿರದಿದ್ದರೆ, ಆ ಕ್ರಮವೇ ಹೊಸ ಮುನಿಸಿಗೆ ಕಾರಣವಾಗುತ್ತದೆ. ಖಾಸಗಿ ಮಾತುಕತೆಯಲ್ಲಿ ನೀಲಿ ಗುರುತು ಕಾಣದಂತೆ ಮಾಡಿಡುವುದನ್ನು ಬಲವಾಗಿ ಸೂಚಿಸುತ್ತೇನೆ, ವಿಶೇಷವಾಗಿ ಉತ್ತರಕ್ಕಾಗಿ ಚಡಪಡಿಸುವ ಸ್ವಭಾವದವರಿಗೆ. ಹಣದ ವಿಚಾರ, ಆಸ್ತಿಯ ವಿಚಾರ, ತಂದೆತಾಯಿಯರನ್ನು ಯಾರು ನೋಡಿಕೊಳ್ಳಬೇಕು ಎಂಬ ವಿಚಾರ, ಕಚೇರಿಯಲ್ಲಿ ಯಾರ ತಪ್ಪು ಎಂಬ ವಿಚಾರ ಇವುಗಳನ್ನು ಗುಂಪಿನಲ್ಲಿ ಎತ್ತಲೇಬಾರದು. ಅದೇ ಪರದೆಯ ಮೇಲ್ಭಾಗದಲ್ಲಿ ಕರೆ ಮಾಡುವ ಗುಂಡಿ ಇದೆ; ಧ್ವನಿ ಕೇಳಿಸಿದಾಗ ಅಪಾರ್ಥ ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಮೇಲಿನ ಅಂಕಿಗಳೇ ಇವೆ.

ಐದರಲ್ಲಿ ಅಂಕ ಕೊಡುವುದಾದರೆ ಸುದ್ದಿ ಮುಟ್ಟಿಸುವುದಕ್ಕೆ ನಾಲ್ಕೂವರೆ, ಭಿನ್ನಾಭಿಪ್ರಾಯ ಬಗೆಹರಿಸುವುದಕ್ಕೆ ಒಂದು. ಕಂಪನಿಯಿಂದ ನಾನು ಬಯಸುವ ಸುಧಾರಣೆ ಒಂದೇ: ಖಾಸಗಿ ಮಾತುಕತೆಯಲ್ಲಿರುವಂತೆ ಗುಂಪಿನಲ್ಲಿಯೂ ಓದಿದ ಗುರುತು ಕಾಣದಂತೆ ಮಾಡುವ ಆಯ್ಕೆ ಸದಸ್ಯರ ಕೈಯಲ್ಲಿರಬೇಕು. ಅದು ಬಂದ ದಿನ ಎರಡನೆಯ ಅಂಕವನ್ನು ಏರಿಸಲು ನಾನು ಸಿದ್ಧನಿದ್ದೇನೆ.